ಕ್ಯಾಮೆರಾ ಸಲಕರಣೆಗಳೊಂದಿಗೆ ವಿಮಾನ ಪ್ರಯಾಣ: ವೃತ್ತಿನಿರತರಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಮ್ಮೆ ಚಿಕ್ಕ ಪ್ರೊಪೆಲ್ಲರ್ ವಿಮಾನವೊಂದರ ಮೆಟ್ಟಿಲ ಬಳಿ ಸಾಲಿನಲ್ಲಿ ನಿಂತಿದ್ದಾಗ ಸಿಬ್ಬಂದಿಯೊಬ್ಬರು ಬಂದು ನನ್ನ ಕ್ಯಾಮೆರಾ ಬ್ಯಾಗಿನ ಹಿಡಿಕೆಗೆ ಚೀಟಿ ಕಟ್ಟಿ, ‘ಇದು ಮೇಲಿನ ಖಾನೆಯಲ್ಲಿ ಹಿಡಿಸುವುದಿಲ್ಲ, ಕೆಳಗೆ ಹಾಕಿಸುತ್ತೇವೆ, ಬ್ಯಾಟರಿಗಳಿದ್ದರೆ ತೆಗೆದುಕೊಳ್ಳಿ’ ಎಂದರು. ಬ್ಯಾಗಿನಲ್ಲಿ ಎರಡು ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ), ಮೂರು ಲೆನ್ಸ್, ಒಂಬತ್ತು ಬ್ಯಾಟರಿಗಳಿದ್ದವು. ಬ್ಯಾಟರಿಗಳನ್ನು ಒಂದೇ ಕಡೆ ಇಟ್ಟಿರಲಿಲ್ಲ, ಜಾಗ ಸಿಕ್ಕಲ್ಲೆಲ್ಲ ತುರುಕಿದ್ದೆ. ನೆಲದ ಮೇಲೆ ಮಂಡಿಯೂರಿ ಒಂದೊಂದೇ ಜಿಪ್ ಎಳೆದು ಹುಡುಕಿದಾಗ ಎಂಟು ಸಿಕ್ಕವು. ಒಂಬತ್ತನೆಯದು ಫ್ಲ್ಯಾಶಿನ ಚೀಲದ ತಳದಲ್ಲಿ ಉಳಿದು ವಿಮಾನದ ಹೊಟ್ಟೆಯಲ್ಲೇ ಪ್ರಯಾಣ ಮಾಡಿತ್ತೆಂಬುದು ಇಳಿದ ಮೇಲಷ್ಟೇ ತಿಳಿಯಿತು. ಏನೂ ಆಗಲಿಲ್ಲವೆಂಬುದು ನಿಜ, ಆದರೆ ಆಗಬಹುದಾಗಿದ್ದುದನ್ನು ನೆನೆದರೆ ಇಂದಿಗೂ ಮನಸ್ಸು ಅಳುಕುತ್ತದೆ.

ಅಂದಿನಿಂದ ಸಾಮಾನು ಜೋಡಿಸುವ ನನ್ನ ಕ್ರಮ ಬದಲಾಯಿತು. ಯಾವ ವಸ್ತು ದುಬಾರಿ ಎಂದು ನಾನೀಗ ಮೊದಲು ಕೇಳಿಕೊಳ್ಳುವುದಿಲ್ಲ. ಯಾವ ವಸ್ತು ಕೈತಪ್ಪಿದರೆ ನಾಳೆ ಬೆಳಗಿನ ಕೆಲಸ ನಿಂತುಹೋಗುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಬೆಲೆಯ ನಷ್ಟವನ್ನು ವಿಮೆ ತುಂಬಿಕೊಡಬಹುದು, ತಪ್ಪಿಹೋದ ಚಿತ್ರೀಕರಣವನ್ನು ಯಾರೂ ತುಂಬಿಕೊಡಲಾರರು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಹೆಜ್ಜೆ 1: ಪಟ್ಟಿ ಬರೆಯಿರಿ, ತೂಗಿ ನೋಡಿ

ಪ್ರಯಾಣಕ್ಕೆ ಕನಿಷ್ಠ ಎರಡು ವಾರ ಮೊದಲು ಒಯ್ಯಬೇಕೆಂದುಕೊಂಡ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಪ್ರತಿಯೊಂದರ ಹೆಸರು, ಮಾದರಿ, ಸೀರಿಯಲ್ ಸಂಖ್ಯೆ, ಖರೀದಿಯ ವರ್ಷ, ಈಗಿನ ಮೌಲ್ಯ ಮತ್ತು ತೂಕವನ್ನು ಒಂದು ಪಟ್ಟಿಯಲ್ಲಿ ಬರೆದುಕೊಳ್ಳಿ. ಸೀರಿಯಲ್ ಸಂಖ್ಯೆ ಕಾಣುವಂತೆ ಪ್ರತಿ ವಸ್ತುವಿನ ಫೋಟೊ ತೆಗೆಯಿರಿ. ವಿಮೆಯವರು, ಕಸ್ಟಮ್ಸ್ ಅಧಿಕಾರಿಗಳು, ಕಳವಾದರೆ ಪೊಲೀಸರು, ಹಾನಿಯಾದರೆ ವಿಮಾನ ಸಂಸ್ಥೆಯವರು ಕೇಳುವುದು ಈ ವಿವರಗಳನ್ನೇ. ಆದ್ದರಿಂದ ಒಮ್ಮೆ ಶ್ರದ್ಧೆಯಿಂದ ಮಾಡಿದ ಪಟ್ಟಿ ನಾಲ್ಕು ಕಡೆ ಕೆಲಸಕ್ಕೆ ಬರುತ್ತದೆ. ಅದರ ಒಂದು ಪ್ರತಿ ಫೋನಿನಲ್ಲಿರಲಿ, ಒಂದು ಕಾಗದದ ಮೇಲಿರಲಿ, ಇನ್ನೊಂದು ಮನೆಯಲ್ಲಿರುವ ಯಾರಾದರೊಬ್ಬರ ಬಳಿ ಇರಲಿ.

ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಕು. ಒಂದು ಲೆಕ್ಕ ಹಾಕಿ ನೋಡೋಣ. ಸುಮಾರು 700 ಗ್ರಾಮಿನ ಎರಡು ಮಿರರ್‌ಲೆಸ್ ಬಾಡಿಗಳು ಸೇರಿ 1.4 ಕಿಲೊ, 24-70 ಎಫ್2.8 ಲೆನ್ಸ್ 800 ಗ್ರಾಂ, 70-200 ಎಫ್2.8 ಲೆನ್ಸ್ 1.2 ಕಿಲೊ, 16-35 ಲೆನ್ಸ್ 600 ಗ್ರಾಂ. ಇಲ್ಲಿಗೆ 4 ಕಿಲೊ ಆಯಿತು. 1.6 ಕಿಲೊದ ಲ್ಯಾಪ್‌ಟಾಪ್, ತಲಾ 80 ಗ್ರಾಮಿನ ಎಂಟು ಬ್ಯಾಟರಿಗಳು ಸೇರಿದರೆ 6.2 ಕಿಲೊ ದಾಟುತ್ತದೆ. ಚಾರ್ಜರ್, ಹಾರ್ಡ್ ಡಿಸ್ಕ್, ತಂತಿಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಬ್ಯಾಗಿನ ಸ್ವಂತ ತೂಕವೂ ಬಂದಿಲ್ಲ. ಜಗತ್ತಿನ ಬಹಳಷ್ಟು ವಿಮಾನ ಸಂಸ್ಥೆಗಳು ಸಾಮಾನ್ಯ ದರ್ಜೆಯಲ್ಲಿ ಕ್ಯಾಬಿನ್ ಬ್ಯಾಗಿಗೆ ಕೊಡುವ ಮಿತಿ 7 ಕಿಲೊ. ಪೆಲಿಕನ್ 1510ರಂತಹ ಗಟ್ಟಿ ಪೆಟ್ಟಿಗೆ ಖಾಲಿಯಿದ್ದಾಗಲೇ 5 ಕಿಲೊಗಿಂತ ಹೆಚ್ಚು ತೂಗುತ್ತದೆ. ಅದರ ಅಳತೆ ಕ್ಯಾಬಿನ್‌ಗೆ ಹೊಂದುತ್ತದೆಂಬ ಮಾತ್ರಕ್ಕೆ ಅದನ್ನು ಕೊಂಡವರು ತಕ್ಕಡಿಯ ಮುಂದೆ ಪೇಚಾಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ತೂಕದ ಮಿತಿ ಬಿಗಿಯಾಗಿರುವ ಕಡೆ ಚಕ್ರಗಳಿಲ್ಲದ, ಹಗುರವಾದ ಬೆನ್ನಚೀಲವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 2: ಟಿಕೆಟ್ ಕೊಳ್ಳುವ ಮೊದಲೇ ನಿಯಮ ಓದಿ

ಒಂದೇ ಟಿಕೆಟ್ಟಿನಲ್ಲಿ ಎರಡು ಮೂರು ವಿಮಾನಗಳಿದ್ದರೆ, ಅವುಗಳಲ್ಲಿ ಅತಿ ಬಿಗಿಯಾದ ನಿಯಮ ಯಾವುದೋ ಅದನ್ನೇ ಇಡೀ ಪ್ರಯಾಣದ ನಿಯಮವೆಂದು ಭಾವಿಸಬೇಕು. ಟಿಕೆಟ್ ಮಾರಿದ ಸಂಸ್ಥೆ ಒಂದು, ವಿಮಾನ ಹಾರಿಸುವ ಸಂಸ್ಥೆ ಇನ್ನೊಂದು ಆಗಿರುವುದು ಸಾಮಾನ್ಯ. ಗೇಟಿನ ಬಳಿ ನಿಮ್ಮ ಬ್ಯಾಗನ್ನು ಅಳೆಯುವವರು ಹಾರಿಸುವ ಸಂಸ್ಥೆಯವರು. ಕ್ಯಾಬಿನ್ ಬ್ಯಾಗಿನ ಅಳತೆ ಹೆಚ್ಚಿನ ಕಡೆ 55 ಸೆಂಟಿಮೀಟರ್ ಉದ್ದ, 35ರಿಂದ 40 ಅಗಲ, 20ರಿಂದ 23 ದಪ್ಪದ ಆಸುಪಾಸಿನಲ್ಲಿರುತ್ತದೆ. ಚಕ್ರ, ಹಿಡಿಕೆ, ಉಬ್ಬಿದ ಮುಂಜೇಬು ಎಲ್ಲವೂ ಆ ಅಳತೆಯೊಳಗೇ ಬರಬೇಕು.

ನಿಯಮದಷ್ಟೇ ಮುಖ್ಯವಾದುದು ವಿಮಾನದ ಮಾದರಿ. ಬುಕಿಂಗ್ ವಿವರದಲ್ಲಿ ಅದು ನಮೂದಾಗಿರುತ್ತದೆ. ಏರ್‌ಬಸ್ 320 ಅಥವಾ ಬೋಯಿಂಗ್ 737ರಲ್ಲಿ ಸಲೀಸಾಗಿ ಮೇಲಿನ ಖಾನೆಗೆ ಹೋಗುವ ಬ್ಯಾಗ್, ಎಟಿಆರ್ 72ರಂತಹ ಚಿಕ್ಕ ವಿಮಾನದಲ್ಲಿ ಹೋಗದಿರಬಹುದು. ಅಂಥ ವಿಮಾನಗಳಲ್ಲಿ ಖಾನೆಗಳು ಚಿಕ್ಕವು, ಕ್ಯಾಬಿನ್ ಅಳತೆಯ ಬ್ಯಾಗನ್ನೂ ಮೆಟ್ಟಿಲ ಬಳಿಯೇ ತೆಗೆದುಕೊಂಡುಬಿಡುತ್ತಾರೆ. ನಿಮ್ಮ ಪ್ರಯಾಣದ ಕೊನೆಯ ಹಾರಾಟ ಅಂಥದ್ದಾಗಿದ್ದರೆ ಅದಕ್ಕೆ ತಕ್ಕ ಸಿದ್ಧತೆ ಮನೆಯಲ್ಲೇ ಆಗಬೇಕು.

ಬಹಳಷ್ಟು ಸಂಸ್ಥೆಗಳು ಕ್ಯಾಬಿನ್ ಬ್ಯಾಗಿನ ಜೊತೆಗೆ, ಮುಂದಿನ ಆಸನದ ಕೆಳಗೆ ಹಿಡಿಸುವ ಇನ್ನೊಂದು ಚಿಕ್ಕ ಚೀಲಕ್ಕೆ ಅವಕಾಶ ಕೊಡುತ್ತವೆ. ಈ ಅವಕಾಶವನ್ನು ಪೂರ್ತಿಯಾಗಿ ಬಳಸಿಕೊಳ್ಳಿ. ಕೆಲವು ಸಂಸ್ಥೆಗಳು ಮಾಧ್ಯಮದವರ ಗುರುತುಪತ್ರ ತೋರಿಸಿದರೆ ಹೆಚ್ಚುವರಿ ಲಗೇಜಿಗೆ ರಿಯಾಯಿತಿ ದರ ವಿಧಿಸುತ್ತವೆ. ಕೆಲವು ಸಂಸ್ಥೆಗಳಲ್ಲಿ ಬೆಲೆಬಾಳುವ ಸಲಕರಣೆಗೆಂದೇ ಪಕ್ಕದ ಆಸನವನ್ನು ಕೊಳ್ಳಬಹುದು. ಇಂಥ ಏರ್ಪಾಡುಗಳನ್ನು ಫೋನಿನಲ್ಲಿ ಕೇಳಿ ಸುಮ್ಮನಾಗದೆ, ಇಮೇಲ್ ಮೂಲಕ ಬರಹದಲ್ಲಿ ಪಡೆದು, ಆ ಉತ್ತರವನ್ನು ಮುದ್ರಿಸಿ ಜೊತೆಯಲ್ಲಿಟ್ಟುಕೊಳ್ಳಿ. ಕೌಂಟರಿನಲ್ಲಿರುವವರಿಗೆ ಆ ನಿಯಮವೇ ಗೊತ್ತಿಲ್ಲದಿದ್ದಾಗ ಆ ಒಂದು ಹಾಳೆ ವಾದವನ್ನು ಅಲ್ಲಿಗೇ ಮುಗಿಸುತ್ತದೆ.

ಹೆಜ್ಜೆ 3: ಬ್ಯಾಟರಿಗಳು

ಈ ಹೆಜ್ಜೆಯನ್ನು ನಿಧಾನವಾಗಿ ಓದಿ. ಮಿಕ್ಕ ವಿಷಯಗಳಲ್ಲಿ ತಪ್ಪಿದರೆ ನಷ್ಟ ನಿಮ್ಮೊಬ್ಬರದು, ಇಲ್ಲಿ ತಪ್ಪಿದರೆ ಅಪಾಯ ವಿಮಾನದಲ್ಲಿರುವ ಎಲ್ಲರದು.

ಲಿಥಿಯಂ-ಅಯಾನ್ ಬ್ಯಾಟರಿಯ ಎರಡು ತುದಿಗಳು ಲೋಹದ ವಸ್ತುವಿನ ಮೂಲಕ ಪರಸ್ಪರ ತಾಗಿದರೆ, ಅಥವಾ ಒಳಗಿನ ಪದರ ಜಖಂಗೊಂಡರೆ, ಬ್ಯಾಟರಿ ಬಿಸಿಯಾಗತೊಡಗುತ್ತದೆ. ಆ ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತ ಹೋಗಿ ಕೊನೆಗೆ ಹೊತ್ತಿಕೊಳ್ಳುತ್ತದೆ, ಪಕ್ಕದ ಬ್ಯಾಟರಿಗೂ ಹರಡುತ್ತದೆ. ಪ್ರಯಾಣಿಕರ ನಡುವೆ ಹೀಗಾದರೆ ಸಿಬ್ಬಂದಿಗೆ ಕೂಡಲೇ ಕಾಣುತ್ತದೆ, ನೀರು ಸುರಿದು ತಣಿಸಬಹುದು. ಕೆಳಗಿನ ಸರಕಿನ ವಿಭಾಗದಲ್ಲಾದರೆ ಅಲ್ಲಿನ ಹ್ಯಾಲಾನ್ ಅನಿಲ ಹೊರಗಿನ ಜ್ವಾಲೆಯನ್ನು ಅಡಗಿಸಬಲ್ಲದೇ ಹೊರತು, ಬ್ಯಾಟರಿಯ ಒಳಗಿನ ಆ ಸರಪಳಿ ಕ್ರಿಯೆಯನ್ನು ನಿಲ್ಲಿಸಲಾರದು. ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಲೇಬಾರದು ಎಂಬ ಅಂತರರಾಷ್ಟ್ರೀಯ ನಿಯಮದ ಹಿಂದಿರುವ ಕಾರಣ ಇದು. ಪವರ್ ಬ್ಯಾಂಕನ್ನೂ ನಿಯಮವು ಬಿಡಿ ಬ್ಯಾಟರಿಯೆಂದೇ ಪರಿಗಣಿಸುತ್ತದೆ.

ಅನುಮತಿಯನ್ನು ನಿರ್ಧರಿಸುವ ಅಳತೆ ವ್ಯಾಟ್-ಅವರ್, ಅಂದರೆ ಬ್ಯಾಟರಿ ಹಿಡಿದಿಡಬಲ್ಲ ಶಕ್ತಿಯ ಪ್ರಮಾಣ. ಬ್ಯಾಟರಿಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿ. ಅಲ್ಲಿ ವ್ಯಾಟ್-ಅವರ್ ಸಂಖ್ಯೆ ಇಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. ಮಿಲಿಆಂಪಿಯರ್‌ನಲ್ಲಿದ್ದರೆ ಮೊದಲು ಸಾವಿರದಿಂದ ಭಾಗಿಸಿ. ಸೋನಿ ಕ್ಯಾಮೆರಾಗಳ ಎನ್‌ಪಿ-ಎಫ್‌ಝಡ್100 ಬ್ಯಾಟರಿಯನ್ನು ತೆಗೆದುಕೊಂಡರೆ, 7.2 ವೋಲ್ಟ್ ಮತ್ತು 2280 ಮಿಲಿಆಂಪಿಯರ್-ಅವರ್ ಸೇರಿ 16.4 ವ್ಯಾಟ್-ಅವರ್ ಆಗುತ್ತದೆ. ಇಂಥ ಕ್ಯಾಮೆರಾ ಬ್ಯಾಟರಿಗಳು ಮಿತಿಗಿಂತ ಎಷ್ಟೋ ಕೆಳಗಿವೆ. ಲೆಕ್ಕ ಬಿಗಿಯಾಗುವುದು ವಿಡಿಯೊದವರು ದೊಡ್ಡ ಕ್ಯಾಮೆರಾ, ಲೈಟುಗಳಿಗೆ ಬಳಸುವ ವಿ-ಮೌಂಟ್ ಬ್ಯಾಟರಿಗಳು ಬಂದಾಗ.

100 ವ್ಯಾಟ್-ಅವರ್‌ವರೆಗಿನ ಬಿಡಿ ಬ್ಯಾಟರಿಗಳನ್ನು ಕ್ಯಾಬಿನ್ ಬ್ಯಾಗಿನಲ್ಲಿ ಒಯ್ಯಲು ವಿಮಾನ ಸಂಸ್ಥೆಯ ವಿಶೇಷ ಅನುಮತಿ ಬೇಕಿಲ್ಲ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ನಿಯಮಾವಳಿಯಂತೆ ಒಬ್ಬರಿಗೆ 20 ಬಿಡಿ ಬ್ಯಾಟರಿಗಳ ಮಿತಿಯಿದೆ. ಹೆಚ್ಚಿಗೆ ಬೇಕಾದರೆ ಸಂಸ್ಥೆಯ ಒಪ್ಪಿಗೆ ಪಡೆಯಬೇಕು, ಕೆಲವು ಸಂಸ್ಥೆಗಳ ಮಿತಿ ಇದಕ್ಕಿಂತಲೂ ಕಡಿಮೆ. 100ಕ್ಕಿಂತ ಮೇಲೆ 160ರವರೆಗಿನವು ಎರಡು ಮಾತ್ರ, ಅದೂ ಮೊದಲೇ ಒಪ್ಪಿಗೆ ಪಡೆದಿದ್ದರೆ. 160 ದಾಟಿದ ಬ್ಯಾಟರಿಯನ್ನು ಪ್ರಯಾಣಿಕರು ಕೈಯಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಅದನ್ನು ಸರಕಾಗಿ ಬೇರೆಯೇ ಕಳುಹಿಸಬೇಕು ಅಥವಾ ಹೋದ ಊರಿನಲ್ಲಿ ಬಾಡಿಗೆಗೆ ಪಡೆಯಬೇಕು. 14.4 ವೋಲ್ಟ್, 6.8 ಆಂಪಿಯರ್-ಅವರ್ ಇರುವ ವಿ-ಮೌಂಟ್ ಬ್ಯಾಟರಿ ಸುಮಾರು 98 ವ್ಯಾಟ್-ಅವರ್ ಆಗುವುದು ಕಾಕತಾಳೀಯವಲ್ಲ, ವಿಮಾನದ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಕರು ಅದನ್ನು ರೂಪಿಸಿದ್ದಾರೆ. ಹಾಗಾಗಿ 150ರ ಎರಡು ಬ್ಯಾಟರಿಗಳಿಗಿಂತ 98ರ ನಾಲ್ಕು ಬ್ಯಾಟರಿಗಳು ಪ್ರಯಾಣಕ್ಕೆ ಹಿತ. ಸಂಖ್ಯೆ ಅಳಿಸಿಹೋಗಿರುವ ಹಳೆಯ ಬ್ಯಾಟರಿಗಳನ್ನು ತಪಾಸಣೆಯವರು ಒಪ್ಪದಿದ್ದರೆ ಅವರನ್ನು ದೂರುವಂತಿಲ್ಲ. ಉಬ್ಬಿಕೊಂಡಿರುವ ಬ್ಯಾಟರಿಯನ್ನಂತೂ ಮನೆಯಿಂದಲೇ ಹೊರಡಿಸಬೇಡಿ.

ಇನ್ನು ಕಟ್ಟುವ ಬಗೆ. ಬ್ಯಾಟರಿಯ ಜೊತೆ ಪ್ಲಾಸ್ಟಿಕ್ ಮುಚ್ಚಳ ಬಂದಿದ್ದರೆ ಅದನ್ನೇ ಹಾಕಿ. ಇಲ್ಲವಾದರೆ ಬೆರಳಿನಷ್ಟು ಅಗಲದ ಅಂಟುಪಟ್ಟಿಯನ್ನು ತುದಿಗಳ ಮೇಲೆ ಅಡ್ಡವಾಗಿ ಅಂಟಿಸಿ, ಒಂದು ಕೊನೆಯನ್ನು ಒಳಕ್ಕೆ ಮಡಚಿಡಿ. ಕೆಲಸದ ಹೊತ್ತಿನಲ್ಲಿ ಉಗುರು ಹಾಕಿ ಕೆರೆಯದೆ ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಚಾರ್ಜ್ ಆಗಿರುವವಕ್ಕೆ ಒಂದು ಬಣ್ಣ, ಖಾಲಿಯಾದವಕ್ಕೆ ಇನ್ನೊಂದು ಬಣ್ಣದ ಪಟ್ಟಿ ಬಳಸಿದರೆ ಎರಡು ಕೆಲಸ ಒಟ್ಟಿಗೇ ಆಗುತ್ತವೆ. ಎಲ್ಲವನ್ನೂ ಎದ್ದು ಕಾಣುವ ಬಣ್ಣದ ಒಂದೇ ಪುಟ್ಟ ಚೀಲದಲ್ಲಿಟ್ಟು, ಆ ಚೀಲವನ್ನು ಬ್ಯಾಗಿನ ಅತ್ಯಂತ ಮೇಲಿನ ಜಾಗದಲ್ಲಿಡಿ. ಒಳಗೆಷ್ಟಿವೆ ಎಂಬ ಸಂಖ್ಯೆಯನ್ನು ಚೀಲದ ಮೇಲೇ ಬರೆದಿಡಿ. ಮೆಟ್ಟಿಲ ಬುಡದಲ್ಲಿ ನನ್ನ ಬಳಿ ಇಂಥದ್ದೊಂದು ಚೀಲವಿದ್ದಿದ್ದರೆ ಒಂಬತ್ತನೆಯ ಬ್ಯಾಟರಿ ಕೆಳಗೆ ಹೋಗುತ್ತಿರಲಿಲ್ಲ.

ಸಲಕರಣೆಯೊಳಗೇ ಕೂತಿರುವ ಬ್ಯಾಟರಿಯನ್ನು ಚೆಕ್-ಇನ್ ಮಾಡಲು ನಿಯಮ ಸಾಮಾನ್ಯವಾಗಿ ಅವಕಾಶ ಕೊಡುತ್ತದೆ, ಆದರೆ ಯಂತ್ರ ಪೂರ್ತಿ ಆರಿರಬೇಕು, ತಾನಾಗಿ ಆನ್ ಆಗದಂತಿರಬೇಕು. ಲೈಟು, ಮಾನಿಟರ್, ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ಗಳಲ್ಲಿ ಗುಂಡಿ ಒತ್ತಿಹೋಗುವುದು ತೀರ ಸುಲಭ. ತೆಗೆಯಲು ಬರುವ ಬ್ಯಾಟರಿಯನ್ನು ತೆಗೆದೇ ಬಿಡಿ. ಫ್ಲ್ಯಾಶಿಗೆ ಬಳಸುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳಿಗೆ ಲಿಥಿಯಂ ನಿಯಮ ಅನ್ವಯಿಸದಿದ್ದರೂ ಅವನ್ನು ಡಬ್ಬಿಯಲ್ಲಿಟ್ಟೇ ಒಯ್ಯಬೇಕು.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಹಾರಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನವೊಂದು ಬೆಂಕಿಗೆ ತುತ್ತಾದ ಬಳಿಕ ಹಲವು ದೇಶಗಳು ಮತ್ತು ಸಂಸ್ಥೆಗಳು ಪವರ್ ಬ್ಯಾಂಕ್ ಕುರಿತ ನಿಯಮಗಳನ್ನು ಬಿಗಿಗೊಳಿಸಿವೆ. ಕೆಲವೆಡೆ ಅದನ್ನು ಮೇಲಿನ ಖಾನೆಯಲ್ಲಿಡುವಂತಿಲ್ಲ, ಕೆಲವೆಡೆ ಹಾರಾಟದ ವೇಳೆ ಬಳಸುವಂತಿಲ್ಲ, ಕೆಲವೆಡೆ ಒಂದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಈ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ.

ಹೆಜ್ಜೆ 4: ಸಾಮಾನನ್ನು ಮೂರು ಪದರಗಳಾಗಿ ವಿಂಗಡಿಸಿ

ಮೊದಲ ಪದರ ಮೈಮೇಲೆ ಅಥವಾ ಆಸನದ ಕೆಳಗಿನ ಚಿಕ್ಕ ಚೀಲದಲ್ಲಿ ಇರುವಂಥದ್ದು. ಯಾವ ಸಂದರ್ಭದಲ್ಲೂ ನಿಮ್ಮಿಂದ ಬೇರೆಯಾಗದಂಥದ್ದು. ಒಂದು ಬಾಡಿ, ಎಲ್ಲಕ್ಕೂ ಒದಗುವ ಒಂದು ಲೆನ್ಸ್, ಬ್ಯಾಟರಿ ಚೀಲ, ಒಂದು ಚಾರ್ಜರ್, ಮೆಮೊರಿ ಕಾರ್ಡುಗಳು, ದಾಖಲೆಗಳು. ಬೇರೆಲ್ಲವೂ ಕಳೆದುಹೋದರೂ ಇಷ್ಟರಲ್ಲೇ ಮೊದಲ ದಿನದ ಕೆಲಸವನ್ನು ಹೇಗಾದರೂ ನಡೆಸಬಹುದೇ ಎಂದು ಪರೀಕ್ಷಿಸಿ ನೋಡಿ. ನಡೆಸಲಾಗದಿದ್ದರೆ ಆಯ್ಕೆ ತಪ್ಪಿದೆ ಎಂದೇ ಅರ್ಥ. ಚಾರ್ಜರನ್ನು ಹಗುರವಾಗಿ ಕಂಡು ಚೆಕ್-ಇನ್ ಪೆಟ್ಟಿಗೆಗೆ ಹಾಕುವವರು ಬಹಳ ಮಂದಿ. ಆ ಪೆಟ್ಟಿಗೆ ಎರಡು ದಿನ ತಡವಾಗಿ ಬಂದರೆ, ಎರಡನೆಯ ಮಧ್ಯಾಹ್ನದ ಹೊತ್ತಿಗೆ ಅತ್ಯುತ್ತಮ ಕ್ಯಾಮೆರಾ ಕೂಡ ನಿರುಪಯೋಗಿಯಾಗುತ್ತದೆ.

ಎರಡನೆಯ ಪದರ ಕ್ಯಾಬಿನ್ ಬ್ಯಾಗ್: ಎರಡನೆಯ ಬಾಡಿ, ಮಿಕ್ಕ ಲೆನ್ಸುಗಳು, ಹಾರ್ಡ್ ಡಿಸ್ಕ್, ಮೈಕ್ರೊಫೋನ್. ಇದು ಗೇಟಿನಲ್ಲಿ ಕೈಬಿಟ್ಟು ಹೋಗಬಹುದು ಎಂದುಕೊಂಡೇ ಇದನ್ನು ತುಂಬಬೇಕು; ಎಂದರೆ ಒಳಗಿನ ವಿಭಾಜಕಗಳು ಗಟ್ಟಿಯಾಗಿರಬೇಕು, ಹೊರಗೊಂದು ಬೀಗ ಹಾಕಲು ಬರಬೇಕು.

ಮೂರನೆಯದು ಚೆಕ್-ಇನ್ ಪೆಟ್ಟಿಗೆ. ಟ್ರೈಪಾಡ್, ಲೈಟ್ ಸ್ಟ್ಯಾಂಡ್, ಬೆಳಕು ಹರಡುವ ಛತ್ರಿ, ಸಾಫ್ಟ್‌ಬಾಕ್ಸ್, ಬ್ಯಾಟರಿ ತೆಗೆದ ಲೈಟುಗಳು, ತಂತಿಗಳು, ಚಾಕು ಇರುವ ಬಹೂಪಯೋಗಿ ಉಪಕರಣ, ಸ್ಕ್ರೂಡ್ರೈವರ್, ಅಲೆನ್ ಕೀಗಳು ಇಲ್ಲಿಗೆ. ಧೂಳು ಊದಲು ಬಳಸುವ ಒತ್ತಿದ ಗಾಳಿಯ ಡಬ್ಬಿ ಎಲ್ಲಿಯೂ ಬೇಡ, ರಬ್ಬರ್ ಬ್ಲೋವರ್ ಸಾಕು. ಇಬ್ಬರು ಮೂವರು ಒಟ್ಟಿಗೆ ಹೋಗುತ್ತಿದ್ದರೆ ಒಬ್ಬರ ಪೆಟ್ಟಿಗೆಯಲ್ಲಿ ಎಲ್ಲ ಲೈಟುಗಳು, ಇನ್ನೊಬ್ಬರದರಲ್ಲಿ ಎಲ್ಲ ಸ್ಟ್ಯಾಂಡುಗಳು ಎಂದು ಹಂಚಿಕೊಳ್ಳಬೇಡಿ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಲೈಟು, ಅದರ ಸ್ಟ್ಯಾಂಡು, ಅದರ ತಂತಿ ಇರಲಿ.

ಬಹಳ ದೊಡ್ಡ ಲೆನ್ಸುಗಳ ಮಾತು ಬೇರೆ. 400 ಎಂಎಂ ಎಫ್2.8 ಲೆನ್ಸ್ ಹೊಸ ಮಾದರಿಗಳಲ್ಲೂ 2.9 ಕಿಲೊ ಆಸುಪಾಸು ತೂಗುತ್ತದೆ. ಅದು ಕ್ಯಾಬಿನ್‌ನಲ್ಲಿರಬೇಕೆಂದರೆ ಲ್ಯಾಪ್‌ಟಾಪ್ ಅಥವಾ ಇನ್ನೆರಡು ಲೆನ್ಸುಗಳು ಜಾಗ ಬಿಡಬೇಕು. ನಾನಾದರೆ ದೊಡ್ಡ ಲೆನ್ಸನ್ನೇ ಉಳಿಸಿಕೊಳ್ಳುತ್ತೇನೆ: ಮಿಕ್ಕವನ್ನು ಹೋದಲ್ಲಿ ಎರವಲು ಪಡೆಯಬಹುದು, ಅದನ್ನು ಹುಡುಕುವುದು ಕಷ್ಟ.

ಹೆಜ್ಜೆ 5: ಕೈಯಾರೆ ಕಟ್ಟುವುದು

ಬಾಡಿಯಿಂದ ಲೆನ್ಸನ್ನು ಕಳಚಿ, ಎರಡಕ್ಕೂ ಮುಚ್ಚಳ ಹಾಕಿ ಬೇರೆ ಬೇರೆ ಗೂಡುಗಳಲ್ಲಿಡಿ. ಭಾರದ ಲೆನ್ಸ್ ತಗುಲಿಕೊಂಡೇ ಇದ್ದರೆ ಬ್ಯಾಗ್ ಬಿದ್ದಾಗ ಆ ಪೆಟ್ಟಿನ ಬಲವೆಲ್ಲ ಮೌಂಟಿನ (ಲೆನ್ಸ್ ಬಾಡಿಗೆ ಕೂರುವ ಜಾಗದ) ಉಂಗುರದ ಮೇಲೆ ಬೀಳುತ್ತದೆ. ಆ ಉಂಗುರ ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಅಂಚು ಮಸುಕಾಗುತ್ತದೆ. ಲೆನ್ಸನ್ನು ಮೌಂಟ್ ಕೆಳಮುಖವಾಗಿ ನಿಲ್ಲಿಸಿದರೆ ಜಾಗ ಉಳಿಯುತ್ತದೆ, ಆದರೆ ತಳದಲ್ಲಿ ಎರಡು ಬೆರಳು ದಪ್ಪದ ಫೋಮ್ ಇರಲೇಬೇಕು. ಕಟ್ಟಿ ಮುಗಿದ ಮೇಲೆ ಬ್ಯಾಗನ್ನು ಮುಚ್ಚಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನಾದರೂ ಸರಿದಾಡಿದ ಸದ್ದು ಕೇಳಿದರೆ ಆ ಗೂಡನ್ನು ಇನ್ನಷ್ಟು ಬಿಗಿ ಮಾಡಿ. ಒಂದು ಮಾತು: ಕೆಲವು ಹೊಸ ಲೆನ್ಸುಗಳಲ್ಲಿ ವಿದ್ಯುತ್ ಇಲ್ಲದಾಗ ಫೋಕಸ್ ಗುಂಪಿನ ಗಾಜುಗಳು ಸಡಿಲವಾಗಿದ್ದು ‘ಟಕ್’ ಎನ್ನುವುದು ಸಹಜ. ನಿಮ್ಮ ಲೆನ್ಸಿನ ಸಹಜ ಸದ್ದು ಯಾವುದೆಂದು ಮನೆಯಲ್ಲೇ ಕೇಳಿಟ್ಟುಕೊಂಡಿದ್ದರೆ, ತಲುಪಿದ ಮೇಲೆ ಗಾಬರಿಯಾಗಬೇಕಿಲ್ಲ.

ಟ್ರೈಪಾಡಿನ ತಲೆಯನ್ನು ಕಳಚಿ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಡಿ. ಗಂಟೆಗಟ್ಟಲೆಯ ಕಂಪನಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ, ಆದ್ದರಿಂದ ಹೊರಡುವ ಮೊದಲು ಬಿಗಿ ಮಾಡಿ, ತಲುಪಿದ ಮೇಲೆ ಮತ್ತೊಮ್ಮೆ ನೋಡಿ. ಗಟ್ಟಿ ಪೆಟ್ಟಿಗೆಗಳಲ್ಲಿ ಗಾಳಿಯ ಒತ್ತಡ ಸರಿದೂಗಿಸುವ ಪುಟ್ಟ ಕವಾಟವಿರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಅದು ತಾನಾಗಿ ಕೆಲಸ ಮಾಡುತ್ತದೆ, ಕೆಲವುಗಳಲ್ಲಿ ಕೈಯಿಂದ ತಿರುಗಿಸಬೇಕು. ಇಳಿದ ಮೇಲೆ ಮುಚ್ಚಳ ಜಗ್ಗಿದರೂ ಏಳದಿದ್ದರೆ ಬಲ ಹಾಕಬೇಡಿ, ಕವಾಟವನ್ನು ಸಡಿಲಿಸಿ.

ಹೊರಗಿನಿಂದ ನೋಡಿದರೆ ಪೆಟ್ಟಿಗೆ ಆಕರ್ಷಕವಾಗಿರಬಾರದು. ಕ್ಯಾಮೆರಾ ಕಂಪನಿಗಳ ಸ್ಟಿಕ್ಕರ್ ಅಂಟಿಸುವುದು ಒಳಗೇನಿದೆ ಎಂದು ಸಾರಿದಂತೆ. ಸಾದಾ ಸೂಟ್‌ಕೇಸಿನೊಳಗೆ ಫೋಮ್ ವಿಭಾಜಕಗಳನ್ನಿಟ್ಟು ಒಯ್ಯುವುದು ಹೆಚ್ಚು ಜಾಣತನ. ಪೆಟ್ಟಿಗೆಯ ಒಳಗೂ ನಿಮ್ಮ ಹೆಸರು, ಫೋನ್ ಸಂಖ್ಯೆ, ಹೋಗುತ್ತಿರುವ ಸ್ಥಳದ ವಿಳಾಸವಿರುವ ಹಾಳೆಯೊಂದನ್ನು ಇಡಿ, ಹೊರಗಿನ ಚೀಟಿ ಹರಿದುಹೋಗುವುದುಂಟು. ನಾಣ್ಯದಾಕಾರದ ಸೆಲ್ ಬಳಸುವ ಬ್ಲೂಟೂತ್ ಟ್ರ್ಯಾಕರ್ ಒಂದನ್ನು ಪ್ರತಿ ಪೆಟ್ಟಿಗೆಯಲ್ಲೂ ಹಾಕಿ. ಅಮೆರಿಕದ ಮೂಲಕ ಹೋಗುವುದಾದರೆ ಅಲ್ಲಿನ ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಸಿಬ್ಬಂದಿ ತಮ್ಮ ಕೀಲಿಯಿಂದ ತೆರೆಯಬಲ್ಲ ಬೀಗವನ್ನೇ ಹಾಕಿ. ಬೇರೆ ಬೀಗವಿದ್ದು ಒಳಗೆ ನೋಡಬೇಕಾಗಿ ಬಂದರೆ ಅವರು ಅದನ್ನು ಮುರಿಯುತ್ತಾರೆ.

ಹೆಜ್ಜೆ 6: ಕಸ್ಟಮ್ಸ್, ಕಾರ್ನೆ, ವಿಮೆ

ಗಡಿ ದಾಟುವ ಪ್ರಯಾಣದಲ್ಲಿ ಎರಡು ಕಡೆ ಪ್ರಶ್ನೆ ಏಳಬಹುದು. ಹೋದ ದೇಶದವರು, ‘ಇದನ್ನು ಇಲ್ಲಿ ಮಾರಲು ತಂದಿದ್ದೀರಾ?’ ಎಂದು ಕೇಳಬಹುದು. ಮರಳಿ ಬಂದಾಗ ಸ್ವದೇಶದವರೇ, ‘ಇದನ್ನು ಅಲ್ಲಿ ಕೊಂಡು ತಂದಿದ್ದೀರಾ?’ ಎಂದು ಕೇಳಬಹುದು. ಎರಡನೆಯ ಪ್ರಶ್ನೆಗೆ ಪರಿಹಾರ ಸುಲಭ. ಹಲವು ದೇಶಗಳಲ್ಲಿ ಹೊರಡುವ ಮೊದಲೇ ಕಸ್ಟಮ್ಸ್ ಕಚೇರಿಯಲ್ಲಿ ಸಲಕರಣೆ ತೋರಿಸಿ, ಸೀರಿಯಲ್ ಸಂಖ್ಯೆಗಳಿರುವ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಿದೆ. ಇದಕ್ಕೆ ವಸ್ತುಗಳನ್ನು ಕಣ್ಣೆದುರು ತೋರಿಸಬೇಕಾಗುವುದರಿಂದ ಚೆಕ್-ಇನ್‌ಗೆ ಮೊದಲೇ, ಕೈಯಲ್ಲಿ ಸಮಯವಿಟ್ಟುಕೊಂಡು ಹೋಗಬೇಕು.

ಮೊದಲನೆಯ ಪ್ರಶ್ನೆಗೆ ದೊಡ್ಡ ಪ್ರಮಾಣದ ಸಲಕರಣೆಯಿದ್ದಾಗ ಸರಿಯಾದ ಉತ್ತರ ಎಟಿಎ ಕಾರ್ನೆ. 1961ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದ ಈ ಕಾಗದದ ಕಟ್ಟು, ವಸ್ತುಗಳು ತಾತ್ಕಾಲಿಕವಾಗಿ ಬಂದು ಮರಳಿ ಹೋಗುತ್ತವೆ ಎಂಬುದಕ್ಕೆ ಖಾತರಿ. ಸುಂಕ ಕಟ್ಟದೆ ಒಳಗೆ ತರಲು ಇದು ಅವಕಾಶ ಕೊಡುತ್ತದೆ. ಆಯಾ ದೇಶದ ಅಧಿಕೃತ ವಾಣಿಜ್ಯ ಮಂಡಳಿ ಇದನ್ನು ಕೊಡುತ್ತದೆ, ಅದಕ್ಕೆ ಭದ್ರತಾ ಠೇವಣಿ ಅಥವಾ ಖಾತರಿ ಕೇಳುತ್ತದೆ, ಅವಧಿ ಗರಿಷ್ಠ ಒಂದು ವರ್ಷ. ಒಮ್ಮೆ ಕೊಟ್ಟ ಮೇಲೆ ಪಟ್ಟಿಗೆ ಹೊಸ ವಸ್ತು ಸೇರಿಸಲಾಗದು. ಆದ್ದರಿಂದ ಮೊದಲ ಹೆಜ್ಜೆಯ ಪಟ್ಟಿ ಇಲ್ಲಿ ಅಕ್ಷರಶಃ ಸರಿಯಿರಬೇಕು. ಇದನ್ನು ಬಳಸುವವರು ಎಡವುವುದು ಮುದ್ರೆಯ ವಿಷಯದಲ್ಲಿ. ಸ್ವದೇಶದಿಂದ ಹೊರಡುವಾಗ, ಆ ದೇಶ ಪ್ರವೇಶಿಸುವಾಗ, ಅಲ್ಲಿಂದ ಹೊರಡುವಾಗ, ಸ್ವದೇಶಕ್ಕೆ ಮರಳಿದಾಗ, ಹೀಗೆ ನಾಲ್ಕು ಬಾರಿಯೂ ಮುದ್ರೆ ಬೀಳಬೇಕು. ಮಧ್ಯರಾತ್ರಿಯ ವಿಮಾನದ ಅವಸರದಲ್ಲಿ ಒಂದು ಮುದ್ರೆ ತಪ್ಪಿದರೂ, ವಸ್ತುಗಳು ಅಲ್ಲೇ ಉಳಿದವೆಂದು ಭಾವಿಸಿ ತಿಂಗಳುಗಳ ನಂತರ ಸುಂಕದ ಬೇಡಿಕೆ ಬರಬಹುದು.

ಡ್ರೋನ್ ಒಯ್ಯುವವರು ಇನ್ನೂ ಎಚ್ಚರದಿಂದಿರಬೇಕು. ಮೊರಾಕೊದಂತಹ ದೇಶಗಳಿಗೆ ಅನುಮತಿಯಿಲ್ಲದೆ ಡ್ರೋನ್ ತರುವಂತೆಯೇ ಇಲ್ಲ. ವೈರ್‌ಲೆಸ್ ಮೈಕ್ರೊಫೋನುಗಳ ತರಂಗಾಂತರ ಒಂದು ದೇಶದಲ್ಲಿ ಮುಕ್ತವಾಗಿದ್ದು ಇನ್ನೊಂದರಲ್ಲಿ ಪರವಾನಗಿ ಬೇಡುವಂಥದ್ದಾಗಿರಬಹುದು.

ವಿಮೆಯ ಬಗ್ಗೆ ಒಂದೇ ಮಾತು: ಸಾಮಾನ್ಯ ಪ್ರಯಾಣ ವಿಮೆಯನ್ನು ನಂಬಿ ಹೊರಡಬೇಡಿ. ಒಂದು ವಸ್ತುವಿಗೆ ಇಷ್ಟೇ ಎಂಬ ಮಿತಿ, ವೃತ್ತಿಗೆ ಬಳಸುವ ಸಲಕರಣೆಗೆ ಅನ್ವಯಿಸದು ಎಂಬ ಷರತ್ತು ಅವುಗಳಲ್ಲಿ ಸಾಮಾನ್ಯವಾಗಿರುತ್ತವೆ. ವೃತ್ತಿ ಸಲಕರಣೆಗೆಂದೇ ಇರುವ ವಿಮೆ ಕೊಳ್ಳಿ. ಅದರಲ್ಲಿ ಹೋಗುವ ದೇಶ, ಚೆಕ್-ಇನ್ ಲಗೇಜ್, ಬಾಡಿಗೆಗೆ ತಂದ ವಸ್ತುಗಳು ಸೇರಿವೆಯೇ ಎಂದು ಓದಿ.

ಹೆಜ್ಜೆ 7: ಭದ್ರತಾ ತಪಾಸಣೆ

ಎಂದಿನದಕ್ಕಿಂತ ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರಿ. ಲೆನ್ಸುಗಳ ಗಾಜು ಮತ್ತು ಲೋಹ, ಒತ್ತೊತ್ತಾಗಿರುವ ಬ್ಯಾಟರಿ ಮತ್ತು ತಂತಿಗಳು ಎಕ್ಸ್-ರೇ ಪರದೆಯ ಮೇಲೆ ಒಂದೇ ಕಪ್ಪು ಮುದ್ದೆಯಾಗಿ ಕಾಣುವುದರಿಂದ ಬ್ಯಾಗ್ ತೆರೆಸುವ ಸಂಭವ ಹೆಚ್ಚು. ತಂತಿಗಳನ್ನು ಸುರುಳಿ ಸುತ್ತಿ ಪಾರದರ್ಶಕ ಚೀಲದಲ್ಲಿಟ್ಟರೆ ಆ ಮುದ್ದೆ ಅರ್ಧ ಕರಗುತ್ತದೆ. ಬ್ಯಾಗಿನ ಒಳಭಾಗವನ್ನು ಎಲ್ಲ ಕಡೆಯಿಂದ ತೋರಿಸುವ ಹೊಸ ಸಿಟಿ ಸ್ಕ್ಯಾನರ್ ಇರುವಲ್ಲಿ ಏನನ್ನೂ ಹೊರತೆಗೆಯಬೇಕಾಗದಿರಬಹುದು, ಹಳೆಯ ಯಂತ್ರವಿರುವಲ್ಲಿ ಕ್ಯಾಮೆರಾ, ಲ್ಯಾಪ್‌ಟಾಪ್ ಬೇರೆ ತಟ್ಟೆಗೆ ಹೋಗಬೇಕು, ಸಾಲಿನಲ್ಲಿದ್ದಾಗಲೇ ಕೇಳಿಕೊಳ್ಳಿ. ಅಧಿಕಾರಿ ಲೆನ್ಸ್ ತೆಗೆಯಲು ಕೈ ಹಾಕಿದಾಗ, ‘ನಾನೇ ತೆಗೆದು ತೋರಿಸಲೇ?’ ಎಂದು ವಿನಯದಿಂದ ಕೇಳಿದರೆ ಬಹುಪಾಲು ಒಪ್ಪುತ್ತಾರೆ. ಕ್ಯಾಮೆರಾ ಆನ್ ಮಾಡಿ ತೋರಿಸಲು ಹೇಳಬಹುದಾದ್ದರಿಂದ ಒಂದು ಬಾಡಿಯಲ್ಲಾದರೂ ಚಾರ್ಜ್ ಆದ ಬ್ಯಾಟರಿ ಇರಲಿ.

ಎಕ್ಸ್-ರೇಯಿಂದ ಮೆಮೊರಿ ಕಾರ್ಡಿಗಾಗಲಿ ಸೆನ್ಸರಿಗಾಗಲಿ ಹಾನಿಯಿಲ್ಲ. ಫಿಲ್ಮ್ ಬಳಸುವವರ ಕಥೆ ಬೇರೆ. ತೊಳೆಯದ ಫಿಲ್ಮನ್ನು ಚೆಕ್-ಇನ್ ಲಗೇಜಿಗೆ ಎಂದೂ ಹಾಕಬಾರದು, ಅಲ್ಲಿನ ಯಂತ್ರಗಳ ಪ್ರಬಲ ಕಿರಣಗಳಿಗೆ ಅದು ಮಂಜುಗಟ್ಟಿದಂತಾಗುತ್ತದೆ. ಕ್ಯಾಬಿನ್ ಬ್ಯಾಗಿನ ಹಳೆಯ ಎಕ್ಸ್-ರೇ ಯಂತ್ರಗಳಲ್ಲಿ ವೇಗ (ಬೆಳಕನ್ನು ಗ್ರಹಿಸುವ ಸಾಮರ್ಥ್ಯ) ಐಎಸ್‌ಒ 800ಕ್ಕಿಂತ ಕಡಿಮೆಯ ಫಿಲ್ಮ್ ಕೆಲವು ಬಾರಿ ಹೋಗಿ ಬಂದರೂ ತಡೆದುಕೊಳ್ಳುತ್ತಿತ್ತು. ಸಿಟಿ ಸ್ಕ್ಯಾನರಿನಲ್ಲಿ ಆ ಲೆಕ್ಕ ನಡೆಯದು, ಯಾವ ವೇಗದ ಫಿಲ್ಮಾದರೂ ಕೈಯಲ್ಲೇ ಪರಿಶೀಲಿಸಲು ಕೇಳಿಕೊಳ್ಳಬೇಕು. ರಟ್ಟಿನ ಪೆಟ್ಟಿಗೆಗಳಿಂದ ಹೊರತೆಗೆದು ಪಾರದರ್ಶಕ ಚೀಲದಲ್ಲಿಟ್ಟುಕೊಂಡಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಸೀಸದ ಚೀಲದಲ್ಲಿಟ್ಟರೆ ಒಳಗೇನಿದೆ ಎಂದು ಕಾಣದೆ ಬ್ಯಾಗ್ ತೆರೆಸುತ್ತಾರೆ, ಅಷ್ಟೇ.

ಹೆಜ್ಜೆ 8: ಗೇಟ್ ಮತ್ತು ಆಸನ

ಮೊದಲ ಗುಂಪಿನಲ್ಲೇ ಹತ್ತಲು ಅವಕಾಶವಿರುವ ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಕೊಡಬೇಕಾದರೆ ಕೊಡಿ. ತಡವಾಗಿ ಹತ್ತಿದವರ ಬ್ಯಾಗುಗಳೇ ಜಾಗವಿಲ್ಲದೆ ಕೆಳಗೆ ಹೋಗುವುದು. ಬ್ಯಾಗನ್ನು ನಿಮ್ಮ ಆಸನಕ್ಕಿಂತ ಹಿಂದಿನ ಖಾನೆಯಲ್ಲಿಡಬೇಡಿ, ಎದುರಿಗೆ ಕಾಣುವಲ್ಲಿಡಿ. ಕೆಳಗೆ ಹಾಕಲೇಬೇಕೆಂದು ಸಿಬ್ಬಂದಿ ಹೇಳಿದರೆ ಜಗಳಕ್ಕಿಳಿಯದೆ, ಒಳಗೆ ಒಡೆಯುವ ವಸ್ತುಗಳಿವೆ ಎಂದು ತಿಳಿಸಿ, ಬ್ಯಾಟರಿ ಚೀಲವನ್ನು ಹೊರತೆಗೆದು, ಜಿಪ್ಪಿಗೆ ಬೀಗ ಹಾಕಿ, ಚೀಟಿಯ ಫೋಟೊ ತೆಗೆದುಕೊಳ್ಳಿ. ಬ್ಯಾಗ್ ವಿಮಾನದ ಬಾಗಿಲಲ್ಲೇ ಮರಳಿ ಸಿಗುತ್ತದೆಯೇ, ಬೆಲ್ಟಿನಲ್ಲಿ ಬರುತ್ತದೆಯೇ ಎಂದು ಆಗಲೇ ಕೇಳಿಕೊಳ್ಳಿ. ಮೂರು ಪದರಗಳ ಕ್ರಮ ಪಾಲಿಸಿದ್ದರೆ ಇದಕ್ಕೆಲ್ಲ ಒಂದೇ ನಿಮಿಷ ಸಾಕು.

ಹೆಜ್ಜೆ 9: ಇಳಿದ ಮೇಲೆ

ಬೆಲ್ಟಿನ ಬಳಿಯಿಂದ ಹೊರಡುವ ಮೊದಲೇ ಪ್ರತಿ ಪೆಟ್ಟಿಗೆಯ ಹೊರಮೈ ನೋಡಿ. ಬಿರುಕು, ಮುರಿದ ಬೀಗ, ಒದ್ದೆ ಕಂಡರೆ ಅಲ್ಲೇ ತೆರೆದು, ಫೋಟೊ ತೆಗೆದು, ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಬರಹದ ದೂರು ಸಲ್ಲಿಸಿ ಪ್ರತಿ ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾ​ಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಚೆಕ್-ಇನ್ ಲಗೇಜಿಗೆ ಹಾನಿಯಾಗಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನಗಳೊಳಗೆ ಬರಹದಲ್ಲಿ ದೂರು ಕೊಡಬೇಕು. 21 ದಿನ ಕಳೆದರೂ ಬಾರದ ಲಗೇಜಿಗೆ ಕಳೆದುಹೋದದ್ದೆಂದು ಪರಿಹಾರ ಕೇಳಬಹುದು. ಪರಿಹಾರಕ್ಕೆ ಮಿತಿಯಿದೆ: 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ, ಒಂದು ಒಳ್ಳೆಯ ಲೆನ್ಸಿನ ಬೆಲೆಗೂ ಈ ಮೊತ್ತ ಸಾಲದೆ ಹೋಗಬಹುದು. ಚೆಕ್-ಇನ್ ಸಮಯದಲ್ಲೇ ಹೆಚ್ಚಿನ ಮೌಲ್ಯ ಘೋಷಿಸಿ, ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಿ, ಈ ಮಿತಿಯನ್ನು ಏರಿಸಿಕೊಳ್ಳಲು ಒಪ್ಪಂದದಲ್ಲಿ ಅವಕಾಶವಿದೆ. ಕೈಯಲ್ಲೇ ಇದ್ದ ಬ್ಯಾಗಿಗಾದ ಹಾನಿಗೆ, ತಪ್ಪು ಸಂಸ್ಥೆಯದೆಂದು ತೋರಿದಾಗ ಮಾತ್ರ ಅದು ಹೊಣೆಯಾಗುತ್ತದೆ.

ಬೆಚ್ಚಗಿನ, ತೇವದ ಪ್ರದೇಶದಲ್ಲಿ ಇಳಿದಾಗ ಬ್ಯಾಗನ್ನು ಕೂಡಲೇ ತೆರೆಯಬೇಡಿ. ತಣ್ಣಗಿರುವ ಗಾಜಿನ ಮೇಲೆ ತೇವದ ಗಾಳಿ ತಾಗಿದೊಡನೆ ನೀರಹನಿ ಕಟ್ಟುತ್ತದೆ, ಲೆನ್ಸಿನ ಒಳಗೂ ಕಟ್ಟಬಹುದು. ಜಿಪ್ ಮುಚ್ಚಿದಂತೆಯೇ ಒಂದೆರಡು ಗಂಟೆ ಕೋಣೆಯಲ್ಲಿಟ್ಟು, ಒಳಗಿನ ಸಾಮಾನು ಹೊರಗಿನ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಆಮೇಲೆ ಪ್ರತಿ ಬಾಡಿಗೂ ಪ್ರತಿ ಲೆನ್ಸನ್ನು ಹಾಕಿ, ಸಮತಟ್ಟಾದ ಗೋಡೆಯೊಂದನ್ನು ನೇರವಾಗಿ ಎದುರಿಟ್ಟುಕೊಂಡು, ಅಗಲ ತೆರೆದ ಅಪರ್ಚರಿನಲ್ಲಿ (ಲೆನ್ಸಿಗೆ ಬೆಳಕು ಬರುವ ಕಿಂಡಿ) ಒಂದು ಚಿತ್ರ ತೆಗೆದು ನಾಲ್ಕೂ ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಪೆಟ್ಟು ಬಿದ್ದಿದೆಯೆಂದು ಅನುಮಾನಿಸಬೇಕು. ಇದು ಕೆಲಸದ ಹಿಂದಿನ ಸಂಜೆಯೇ ತಿಳಿದರೆ ಬದಲಿ ಹುಡುಕಲು ಒಂದು ರಾತ್ರಿಯಾದರೂ ಇರುತ್ತದೆ.

ಹೆಜ್ಜೆ 10: ಮರಳುವಾಗ

ಹೋಗುವಾಗ ಅತಿ ಮುಖ್ಯವಾಗಿದ್ದ ಬಾಡಿ ಮತ್ತು ಲೆನ್ಸ್ ಮರಳುವಾಗ ಎರಡನೆಯ ಸ್ಥಾನಕ್ಕೆ ಇಳಿಯುತ್ತವೆ. ಈಗ ಮೊದಲ ಪದರದಲ್ಲಿರಬೇಕಾದುದು ಸೆರೆಹಿಡಿದ ಚಿತ್ರಗಳು. ಹೊರಡುವ ಮೊದಲೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ಪ್ರತಿ ಮಾಡಿ, ಕಾರ್ಡುಗಳನ್ನು ಅಳಿಸದೆ ಇಟ್ಟುಕೊಂಡರೆ ಒಟ್ಟು ಮೂರು ಪ್ರತಿಗಳಾಗುತ್ತವೆ. ಕಾರ್ಡುಗಳು ಮೈಮೇಲಿನ ಜೇಬಿನಲ್ಲಿ, ಒಂದು ಡಿಸ್ಕ್ ಕ್ಯಾಬಿನ್ ಬ್ಯಾಗಿನಲ್ಲಿ, ಇನ್ನೊಂದು ಸಹೋದ್ಯೋಗಿಯ ಬಳಿ ಇರಲಿ. ಒಬ್ಬರೇ ಇದ್ದರೆ ಎರಡನೆಯ ಡಿಸ್ಕ್ ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಬರಲಿ. ಜಾಲದ ವೇಗ ಸಾಕಷ್ಟಿದ್ದರೆ ಆಯ್ದ ಚಿತ್ರಗಳನ್ನಾದರೂ ಹಿಂದಿನ ರಾತ್ರಿಯೇ ಕಳುಹಿಸಿಬಿಡಿ. ಕಾರ್ನೆ ಇದ್ದರೆ ಪೆಟ್ಟಿಗೆಗಳನ್ನು ಚೆಕ್-ಇನ್ ಮಾಡುವ ಮೊದಲೇ ಕಸ್ಟಮ್ಸ್ ಕಚೇರಿಗೆ ಹೋಗಿ ಮರುರಫ್ತಿನ ಮುದ್ರೆ ಹಾಕಿಸಿ, ಸ್ವದೇಶಕ್ಕೆ ಇಳಿದ ಕೂಡಲೇ ಕೊನೆಯ ಮುದ್ರೆಯನ್ನೂ ಹಾಕಿಸಿ, ಆ ಕಟ್ಟನ್ನು ಕೊಟ್ಟ ಮಂಡಳಿಗೆ ಹಿಂದಿರುಗಿಸಿ ಭದ್ರತಾ ಠೇವಣಿಯನ್ನು ಬಿಡಿಸಿಕೊಳ್ಳಿ.